ನಮ್ಮ ಮಣೂಕದ ಶೆಡ್ಡಿಗೆ ಬಂದ ಜಪಾನಿನ ಅತಿಥಿ

ಕೊರೊನಾದ ಭಯ ಕಳೆದು, ಮಾಸ್ಕುಗಳೆಲ್ಲ ಮೂಲೆ ಸೇರಿದ್ದ ಬೇಸಿಗೆಯ ಮಾತಿದು. ಮಾರ್ಚ್ ತಿಂಗಳು ನಡೆದಿತ್ತು. ನಮ್ಮ ವಿಜಯಪುರದ ಕಡೆ ಮಾರ್ಚ್ ಎಂದರೆ ಮಣೂಕದ ಹಂಗಾಮು. ಒಣದ್ರಾಕ್ಷಿಗೆ ನಾವು ಮಣೂಕ ಎನ್ನುತ್ತೇವೆ. ತಿಕೋಟಾ ರಸ್ತೆ ಹಿಡಿದು ಹೊರಟರೆ ಎರಡೂ ಕಡೆ ತೋಟಗಳಲ್ಲಿ ಉದ್ದನೆಯ ಶೆಡ್ಡುಗಳು, ಅವುಗಳೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆ, ಬಲೆಯ ಮೇಲೆ ಒಣಗುತ್ತಿರುವ ಹಸಿರು ದ್ರಾಕ್ಷಿ ಕಾಣುತ್ತದೆ.

ನಾನು ಊರ ಹೊರಗಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುತ್ತೇನೆ. ರೈತರು ತಂದ ಮಣೂಕದ ಬಣ್ಣ, ಗಾತ್ರ, ತೇವ ನೋಡಿ ದರ್ಜೆ ಹಾಕುವುದು ನನ್ನ ಕೆಲಸ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಗಂಡನ ಮನೆ, ತಿಕೋಟಾದಲ್ಲಿ ತವರು. ತವರಿನ ದ್ರಾಕ್ಷಿ ತೋಟ, ಶೆಡ್ಡು ನೋಡಿಕೊಳ್ಳುವವರು ನನ್ನ ಅವ್ವ ಮತ್ತು ತಮ್ಮ.

ಒಂದು ದಿನ ನಮ್ಮ ಮಾಲೀಕರು ಕರೆದು ಹೇಳಿದರು. "ಶೋಭಾ ಅವರ, ಪುಣೇದ ಏಜೆಂಟ್ರು ಫೋನ್ ಮಾಡಿದ್ರು. ನಾಳೆ ಜಪಾನಿನವರೊಬ್ರು ಬರಾಕತ್ತಾರ. ಖರೀದಿ ಏನಿಲ್ಲ, ಮಣೂಕ ಹ್ಯಾಂಗ ಮಾಡ್ತಾರ ಅಂತ ನೋಡಬೇಕಂತ. ನಿಮ್ಮ ತವರಮನಿ ಶೆಡ್ ಐತಲ್ರಿ, ಅಲ್ಲೇ ಕರಕೊಂಡ ಹೋಗಿ ತೋರ್ಸ್ರಿ."

ಮರುದಿನ ಬೆಳಿಗ್ಗೆ ಕಾರು ಬಂತು. ಅತಿಥಿಯ ಹೆಸರು ಹಿರಾತಾ. ಅರವತ್ತರ ಆಸುಪಾಸು, ತೆಳ್ಳಗಿನ ಮೈ. ಆ ಬಿಸಿಲಿನಲ್ಲೂ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೆ ಹಾಕಿದ್ದರು. ಜೊತೆಗೆ ಪುಣೆಯ ಹುಡುಗಿ ಮಾಧುರಿ ಬಂದಿದ್ದಳು. ಜಪಾನಿ ಭಾಷೆ ಕಲಿತು ದುಭಾಷಿಯ ಕೆಲಸ ಮಾಡುವವಳು. ಅವರ ಮಾತನ್ನು ಅವಳು ಹಿಂದಿಯಲ್ಲಿ ಹೇಳುವಳು. ನಮ್ಮ ಮಾತು ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುವುದು.

ಕಾರು ಊರು ದಾಟಿದ ಮೇಲೆ ನಾನು ಸಹಜವಾಗಿ ಕೇಳಿದೆ, "ಇವರ ಉದ್ಯೋಗ ಏನು?"

ಮಾಧುರಿ ನಕ್ಕಳು. "ವಿಸ್ಕಿ ತಯಾರಿಸುತ್ತಾರೆ. ಬೇರೆ ಬೇರೆ ವಿಸ್ಕಿ ಬೆರೆಸಿ ಹದ ಮಾಡುವ ಬಹಳ ದೊಡ್ಡ ಬ್ಲೆಂಡರ್."

ಕಾರು ತಿರುಗಿಸಿ ಎನ್ನಬೇಕೆನ್ನಿಸಿತು ನನಗೆ. ಯಾಕೆಂದು ಹೇಳಬೇಕಾದರೆ ನನ್ನ ಅಪ್ಪನ ವಿಷಯ ಹೇಳಬೇಕು.

ಅಪ್ಪ ಮೊದಲು ಸಾಂಗ್ಲಿ ಕಡೆಯ ದ್ರಾಕ್ಷಿ ತೋಟಗಳಿಗೆ ಹೋಗಿ ಬಳ್ಳಿ ಕತ್ತರಿಸುವ, ಕಸಿ ಕಟ್ಟುವ ಕೆಲಸ ಮಾಡುತ್ತಿದ್ದರು. ಆಮೇಲೆ ನಮ್ಮ ಹೊಲದಲ್ಲೇ ದ್ರಾಕ್ಷಿ ಹಚ್ಚಿದರು. ತೋಟ ಕೈಗೆ ಬರುವ ಹೊತ್ತಿಗೆ ಕುಡಿತ ಅಂಟಿಕೊಂಡಿತ್ತು. ನನಗೆ ಬುದ್ಧಿ ಬಂದಾಗಿನಿಂದ ನಾನು ಕಂಡದ್ದು ಕುಡಿದ ಅಪ್ಪನನ್ನೇ. ಎಷ್ಟೋ ಸಲ ಹೊಸ್ತಿಲ ಮೇಲೆ ಅಡ್ಡ ಬಿದ್ದಿರುತ್ತಿದ್ದರು. ಅವ್ವ ಅವರ ಕಂಕುಳಿಗೆ ಕೈ ಹಾಕಿ ಒಳಗೆ ಎಳೆದುಕೊಳ್ಳುತ್ತಿದ್ದಳು. ನಾನು ಡಿಗ್ರಿ ಓದುವಾಗ ಲಿವರ್ ಹೋಗಿ ತೀರಿಕೊಂಡರು. ಅವರು ಮಲಗುತ್ತಿದ್ದ ಕೋಣೆಗೆ ಅವ್ವ ಮೇಲಿಂದ ಮೇಲೆ ಸುಣ್ಣ ಬಳಿಸಿದಳು. ಆದರೂ ಸೆರೆಯ ವಾಸನೆ ಹೋಗಿಲ್ಲ ಎನ್ನುತ್ತಿದ್ದಳು. ನಮಗೆ ಯಾರಿಗೂ ಏನೂ ಬರುತ್ತಿರಲಿಲ್ಲ, ಅವಳಿಗೆ ಮಾತ್ರ ಬರುತ್ತಿತ್ತು. ಒಮ್ಮೆ ಸಾರವಾಡದಿಂದ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಯಾರೋ ಕುಡಿದವನು ಕುಳಿತ. ಅವ್ವ ನನ್ನ ಕೈ ಹಿಡಿದು ನಟ್ಟನಡುದಾರಿಯಲ್ಲಿ ಇಳಿದುಬಿಟ್ಟಳು. ಬಿಸಿಲಿನಲ್ಲಿ ಮುಂದಿನ ಬಸ್ಸಿನವರೆಗೆ ರಸ್ತೆಯ ಬದಿಯ ಬೇವಿನ ಗಿಡದ ಕೆಳಗೆ ನಿಂತಿದ್ದೆವು. ಅಂಥ ಅವ್ವನ ಮನೆಗೆ ನಾನು ವಿಸ್ಕಿ ಮಾಡುವವರನ್ನು ಕರೆದುಕೊಂಡು ಹೊರಟಿದ್ದೆ.

ಹಿರಾತಾ ಅವರಿಗೆ ಇದೇನೂ ಗೊತ್ತಿಲ್ಲ. ನಾನು ಕೇಳಿದೆನೆಂದು ಸಂತೋಷದಿಂದ ವಿವರಿಸತೊಡಗಿದರು. ಅವರ ಕಾರ್ಖಾನೆ ಒಂದು ಬೆಟ್ಟದ ಬುಡದಲ್ಲಿದೆಯಂತೆ, ಚಳಿಗಾಲದಲ್ಲಿ ಹಿಮ ಮೊಳಕಾಲುದ್ದ ಬೀಳುತ್ತದಂತೆ. ಅವರ ಹಿರಿಯರು ಈ ವಿದ್ಯೆಯನ್ನು ಸ್ಕಾಟ್ಲೆಂಡಿನಿಂದ ಕಲಿತು ತಂದರು. ಆದರೆ ಒಂದು ವ್ಯತ್ಯಾಸವಿದೆ ಎಂದರು. ಸ್ಕಾಟ್ಲೆಂಡಿನಲ್ಲಿ ಒಬ್ಬರ ಮಾಲನ್ನು ಇನ್ನೊಬ್ಬರು ಅದಲುಬದಲು ಮಾಡಿಕೊಂಡು ಬೆರೆಸುತ್ತಾರೆ. ಜಪಾನಿನಲ್ಲಿ ಹಾಗೆ ಕೊಟ್ಟು ತೆಗೆದುಕೊಳ್ಳುವ ರೂಢಿ ಬೆಳೆಯಲಿಲ್ಲ. ಹೀಗಾಗಿ ಒಂದೇ ಕಾರ್ಖಾನೆಯವರು ಎಲ್ಲ ಬಗೆಯದನ್ನೂ ತಾವೇ ಮಾಡಿಕೊಳ್ಳಬೇಕಾಯಿತು. ಉದ್ದ ಕುತ್ತಿಗೆಯ ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿದರೆ ಹಗುರವಾದದ್ದು, ಗಿಡ್ಡ ಹಂಡೆಯಲ್ಲಿ ಇಳಿಸಿದರೆ ಭಾರವಾದದ್ದು. ಬಾರ್ಲಿಗೆ ಹೊಗೆ ಹಿಡಿಸಿದರೆ ಒಂದು, ಹಿಡಿಸದಿದ್ದರೆ ಇನ್ನೊಂದು. ಹಂಡೆಯಿಂದ ಇಳಿದಾಗ ಅದು ನೀರಿನಂತೆ ತಿಳಿಯಾಗಿರುತ್ತದೆ. ಬಣ್ಣ, ಘಮ ಎಲ್ಲ ಬರುವುದು ಮರದ ಪೀಪಾಯಿಯಿಂದ.

"ಮತ್ತೆ ಮಣೂಕ ಯಾಕೆ ನೋಡಬೇಕು? ವಿಸ್ಕಿಗೆ ಅದನ್ನು ಹಾಕುತ್ತಾರೆಯೇ?" ಎಂದೆ.

"ಇಲ್ಲ, ಹಾಕುವುದಿಲ್ಲ," ಎಂದರು. ಸ್ಪೇನ್ ದೇಶದಲ್ಲಿ ಬಿಸಿಲಿಗೆ ಒಣಗಿಸಿದ ದ್ರಾಕ್ಷಿಯಿಂದ ಒಂದು ಸಿಹಿಯಾದ ಮದ್ಯ ಮಾಡುತ್ತಾರೆ. ಅದು ವರ್ಷಗಟ್ಟಲೆ ಇದ್ದ ಪೀಪಾಯಿಗಳನ್ನು ಇವರು ತರಿಸುತ್ತಾರೆ. ಮರ ಕುಡಿದಿದ್ದ ದ್ರಾಕ್ಷಿಯ ಘಮವನ್ನು ವಿಸ್ಕಿ ನಿಧಾನವಾಗಿ ಎಳೆದುಕೊಳ್ಳುತ್ತದೆ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಗುರುಗಳು ವಿಸ್ಕಿಯನ್ನು ಮುಟ್ಟಲೂ ಬಿಟ್ಟಿರಲಿಲ್ಲವಂತೆ. ದಿನಾ ಬೆಳಿಗ್ಗೆ ಒಂದು ಹಿಡಿ ಒಣದ್ರಾಕ್ಷಿಯನ್ನು ಕೈಗೆ ಕೊಟ್ಟು, ಮೊದಲು ಇದನ್ನು ಕಲಿ ಎನ್ನುತ್ತಿದ್ದರಂತೆ. ಈಗ ಕೆಲಸದ ಮೇಲೆ ಪುಣೆಗೆ ಬಂದಾಗ ಹೋಟೆಲಿನ ನಾಷ್ಟಾದಲ್ಲಿ ಒಣದ್ರಾಕ್ಷಿ ಇಟ್ಟಿದ್ದರು. ಎಲ್ಲಿಯದು ಎಂದು ವಿಚಾರಿಸಿದ್ದಾರೆ. ವಿಜಯಪುರದ್ದು ಎಂದಿದ್ದಾರೆ. ಹೊರಟುಬಂದಿದ್ದಾರೆ.

ಅಷ್ಟಕ್ಕಾಗಿ ಇಷ್ಟು ದೂರ ಬರುತ್ತಾರೆಯೇ ಎಂದು ನನಗೆ ಸಂಶಯ ಬಂತು. ಕೇಳಲಿಲ್ಲ.

ತೋಟ ಮುಟ್ಟಿದಾಗ ತಮ್ಮ ಇರಲಿಲ್ಲ, ಬಬಲೇಶ್ವರಕ್ಕೆ ಬಲೆ ತರಲು ಹೋಗಿದ್ದ. ಅವ್ವ ಅಂಗಳದಲ್ಲಿ ನಿಂತಿದ್ದಳು. ನಾನು ಅವಳನ್ನು ಪಕ್ಕಕ್ಕೆ ಕರೆದು ಇದ್ದದ್ದನ್ನು ಹೇಳಿಬಿಟ್ಟೆ. ಮುಚ್ಚಿಟ್ಟು ಆಮೇಲೆ ಅವಳಿಗೆ ಗೊತ್ತಾಗುವುದು ನನಗೆ ಬೇಕಿರಲಿಲ್ಲ.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಕಾರಿನಿಂದ ಇಳಿದು ಕೈ ಜೋಡಿಸಿ ನಿಂತಿದ್ದ ಆ ಮನುಷ್ಯನನ್ನು ನೋಡಿದಳು.

"ಬಾಗಲಕ್ಕ ಬಂದಾರ. ನೀರ ಕೊಡು. ಶೆಡ್ ತೋರ್ಸು, ಕರಕೊಂಡ ಹೋಗು. ಊಟಕ್ಕ ಅನಬ್ಯಾಡ."

ನಮ್ಮ ಕಡೆ ಬಂದವರಿಗೆ ಊಟಕ್ಕೆ ಏಳಿ ಎನ್ನದಿರುವುದು ಸಣ್ಣ ಮಾತಲ್ಲ. ವೈರಿ ಬಂದರೂ ರೊಟ್ಟಿ ತಟ್ಟುವ ಕೈ ಅವಳದು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶೆಡ್ಡಿನ ಆ ತುದಿಗೆ, ಮಣೂಕ ಹಸನು ಮಾಡುತ್ತಿದ್ದ ಹೆಣ್ಣುಮಕ್ಕಳ ಕಡೆ ಹೋಗಿಬಿಟ್ಟಳು.

ನಾನು ಶೆಡ್ಡು ತೋರಿಸಿದೆ. ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ ಬಲೆಯ ಮೇಲೆ ಹರವುವುದು, ನೆರಳಿನಲ್ಲಿ ಒಣಗಿಸುವುದು, ಬಲೆ ಅಲುಗಿಸಿ ಉದುರಿಸುವುದು, ಎಲ್ಲ ಹೇಳಿದೆ. ಹಿರಾತಾ ಅವರು ಒಂದು ಹಿಡಿ ಮಣೂಕ ಎತ್ತಿಕೊಂಡು ಎರಡೂ ಅಂಗೈಗಳಲ್ಲಿ ತುಂಬಿ ಮೂಗಿಗೆ ಒತ್ತಿಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ತಲೆಯಾಡಿಸಿ ಏನೋ ಅಂದರು. "ತುಂಬಾ ಚೆನ್ನಾಗಿದೆ ಎನ್ನುತ್ತಾರೆ," ಎಂದಳು ಮಾಧುರಿ. ಅವರ ಮುಖ ಮಾತ್ರ ಹಾಗೆ ಹೇಳುತ್ತಿರಲಿಲ್ಲ. ಇನ್ನೊಂದು ಹಿಡಿ ಎತ್ತಿಕೊಂಡರು. ಮತ್ತೆ ಇನ್ನೊಂದು.

ಶೆಡ್ಡಿನ ಪಕ್ಕದಲ್ಲಿ ತಾಡಪತ್ರಿಯಿಂದ ಮುಚ್ಚಿದ ಒಂದು ಸಣ್ಣ ಗೂಡಾರವಿತ್ತು. ಒಣಗಿದ ಮಣೂಕದ ಬಣ್ಣ ಕಪ್ಪಾಗದಿರಲೆಂದು ಅದರೊಳಗಿಟ್ಟು ಗಂಧಕದ ಹೊಗೆ ಕೊಡುತ್ತಾರೆ. ಬೆಳಿಗ್ಗೆಯೇ ಗಂಧಕ ಹಚ್ಚಿದ್ದರು. ಅದರ ಹತ್ತಿರ ಸುಳಿದರೆ ನಾವೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇವೆ. "ಅಲ್ಲಿಗೆ ಹೋಗಬಾರದು, ವಿಷದ ಹೊಗೆ," ಎಂದು ನಾನು ಹೇಳಿದೆ, ಮಾಧುರಿ ಅವರಿಗೆ ಹೇಳಿದಳು. ಅವರು ಹೂಂ ಎಂದರು. ಹೇಳುವಾಗ ಮಾಧುರಿಯೂ ನಾನೂ ಮೂಗು ಮುಚ್ಚಿಕೊಂಡಿದ್ದೆವು. ಅವರು ಮಾತ್ರ ಆರಾಮಾಗಿ ನಿಂತಿದ್ದರು. ನಮ್ಮೆದುರು ಮೂಗು ಮುಚ್ಚುವುದು ಅಗೌರವ ಅಂದುಕೊಂಡಿರಬೇಕು ಎಂದು ನಾನು ಭಾವಿಸಿದೆ.

ಮಾಧುರಿಗೆ ಬಲೆಯ ಮೇಲಿನ ಮಣೂಕದ ಫೋಟೋ ಬೇಕಿತ್ತು. ನಾವಿಬ್ಬರೂ ಒಳಕ್ಕೆ ತಿರುಗಿದೆವು. ಅಷ್ಟರಲ್ಲೇ ಆ ತುದಿಯಿಂದ ಅವ್ವ ಕೂಗಿದ್ದು ಕೇಳಿತು.

"ಏ ಶೋಭಾ! ಅವರೆಲ್ಲಿ? ತಾಡಪತ್ರಿ ಅಲಗಾಡಾಕತ್ತೈತಿ ನೋಡ ಬೇ!"

ತಿರುಗಿ ನೋಡಿದರೆ ಗೂಡಾರದ ಅಂಚು ಎತ್ತಿದ್ದಾರೆ, ಅವರ ಅರ್ಧ ಮೈ ಒಳಗೆ. ನಾನು ಓಡುವಷ್ಟರಲ್ಲಿ ಒಳಗೆ ದಬಕ್ಕನೆ ಬಿದ್ದ ಸದ್ದಾಯಿತು. ಕೆಮ್ಮು ಬಂತು. ಮನುಷ್ಯರ ಕೆಮ್ಮಿನಂತಿರಲಿಲ್ಲ ಅದು. ಅವ್ವ ನನಗಿಂತ ದೂರದಲ್ಲಿದ್ದಳು, ಆದರೂ ನನಗಿಂತ ಮೊದಲು ಮುಟ್ಟಿದಳು. ಕೊಡದ ನೀರಿಗೆ ಸೆರಗು ಅದ್ದಿ ಬಾಯಿಗೆ ಕಟ್ಟಿಕೊಂಡು ಬಾಗಿ ಒಳಹೊಕ್ಕಳು. ಅವರ ಕಂಕುಳಿಗೆ ಎರಡೂ ಕೈ ಹಾಕಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಎಳೆದಳು. ನಾನು ಕಾಲು ಹಿಡಿದೆ. ಹೊರಗೆ ತಂದು ಬೇವಿನ ಕೆಳಗೆ ಮಲಗಿಸಿದಾಗ ಅವರ ತುಟಿ ನೀಲಿಯಾಗಿತ್ತು, ಹಣೆಗೆ ಗೂಟ ಬಡಿದು ರಕ್ತ ಇಳಿಯುತ್ತಿತ್ತು. ಮಾಧುರಿ ಅಳಲು ಹತ್ತಿದಳು.

"ಅಳಕೋತ ನಿಂದರಬ್ಯಾಡ. ಡ್ರೈವರಗ ಗಾಡಿ ತಿರುವು ಅನ್ನು," ಎಂದಳು ಅವ್ವ.

ತಿಕೋಟಾದ ದವಾಖಾನೆಗೆ ಹೋಗುವ ದಾರಿಯುದ್ದಕ್ಕೂ ಅವರ ತಲೆ ಅವ್ವನ ತೊಡೆಯ ಮೇಲಿತ್ತು. ಅವರು ಉಸಿರಿಗೆ ಹಾತೊರೆದಾಗಲೆಲ್ಲ ಅವ್ವ ಎದೆ ತಿಕ್ಕುತ್ತ, "ಆತ್ರಿ ಯಪ್ಪಾ, ಬಂತ ಊರು, ಬಂತ," ಎನ್ನುತ್ತಿದ್ದಳು. ಅವರಿಗೆ ಕನ್ನಡ ಬರುವುದಿಲ್ಲ ಎಂಬುದು ಆಗ ಯಾರಿಗೂ ನೆನಪಿರಲಿಲ್ಲ.

ಡಾಕ್ಟರರು ಆಕ್ಸಿಜನ್ ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ನಾವು ಹೊರಗಿನ ಬೆಂಚಿನ ಮೇಲೆ ಕುಳಿತೆವು. ಪರದೇಶದ ಮನುಷ್ಯನಿಗೆ ನಮ್ಮ ತೋಟದಲ್ಲಿ ಏನಾದರೂ ಆದರೆ ಎಂದು ನಾನು ಒಳಬಾಗಿಲ ಕಡೆಗೇ ನೋಡುತ್ತಿದ್ದೆ. ಅವ್ವ ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಅವಳ ತಲೆಯಲ್ಲಿ ಏನು ನಡೆದಿದೆ ಎಂದು ನನಗೆ ಗೊತ್ತಿತ್ತು. ಗಂಡನನ್ನು ಹಾಗೆ ಎಳೆದು ರೂಢಿಯಿದ್ದ ಕೈಗಳು ಅವು.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರರು ಹೊರಗೆ ಬಂದರು. "ಲಗೂನ ಹೊರಗ ತಗದೀರಿ, ಛಲೋ ಆತು. ಈಗ ಆರಾಮ ಅದಾರ. ಆದ್ರ ಈಗಿಂದೀಗ ದೂರದ ಪ್ರಯಾಣ ಬ್ಯಾಡ. ಹೊತ್ತು ಇಳಿಯೂತನ ಎಲ್ಲ್ಯರ ಮಲಗಿಸ್ರಿ."

ನಾನು ವಿಜಯಪುರದ ಲಾಜಿನ ಬಗ್ಗೆ ಯೋಚಿಸುತ್ತಿದ್ದೆ. ಅವ್ವ ಎದ್ದು ಸೀರೆ ಝಾಡಿಸಿಕೊಂಡಳು.

"ಲಾಜ್ ಯಾಕ? ಮನಿ ಐತಲಾ. ನಡೀರಿ."

ಮನೆಯಲ್ಲಿ ಪಡಸಾಲೆಯ ಹೊರಸಿನ ಮೇಲೆ ಅವರನ್ನು ಮಲಗಿಸಿದೆವು. ಗಂಟಲು ಸುಟ್ಟಂತಾಗಿದೆ, ರೊಟ್ಟಿ ನುಂಗಲು ಬಾರದು ಎಂದು ಅವ್ವ ಜೋಳದ ನುಚ್ಚು ಕುದಿಸಿ, ಆರಿಸಿ, ಮಜ್ಜಿಗೆ ಕಲಸಿ ತಂದಳು. ಅವರು ಎದ್ದು ಕುಳಿತು ತುತ್ತು ತುತ್ತಾಗಿ ತಿಂದರು. ಅವ್ವ ಎದುರಿಗೇ ನೆಲದ ಮೇಲೆ ಕುಳಿತಳು.

"ಬ್ಯಾಡಂದ್ರೂ ಅದರೊಳಗ ಯಾಕ ಹೊಕ್ಕರಂತ? ಕೇಳು."

ಮಾಧುರಿ ಕೇಳಿದಳು. ಹಿರಾತಾ ಅವರು ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡರು. ಒಡೆದ ದನಿಯಲ್ಲಿ ಮಾತಾಡಿದರು. ಮಾಧುರಿ ಕೇಳುತ್ತ ಕೇಳುತ್ತ ಹಿಂದಿಗೆ ತರುವುದನ್ನೇ ಮರೆತಳು. ನಾನು ತೋಳು ಮುಟ್ಟಿದ ಮೇಲೆ ಹೇಳಿದಳು.

"ಕೊರೊನಾ ಜ್ವರ ಬಂದು ಹೋದ ಮೇಲೆ ಇವರಿಗೆ ವಾಸನೆಯೇ ಬರುವುದಿಲ್ಲವಂತೆ. ಯಾವುದೂ. ನನಗೂ ಗೊತ್ತಿರಲಿಲ್ಲ. ಆ ಗೂಡಾರದ ಹತ್ತಿರ ನಿಂತಾಗ ಮೂಗಿನಲ್ಲಿ ಏನೋ ಚುಚ್ಚಿದ ಹಾಗಾಯಿತಂತೆ. ಇಷ್ಟು ದಿನಗಳಲ್ಲಿ ಮೊದಲ ಸಲ ಮೂಗಿಗೆ ಏನೋ ತಾಗಿತು, ವಾಸನೆ ಮರಳಿ ಬರುತ್ತಿದೆ ಅನ್ನಿಸಿತು, ಇನ್ನಷ್ಟು ಬರಲಿ ಎಂದು ಒಳಗೆ ಹೋದೆ ಎನ್ನುತ್ತಾರೆ."

ಅದು ವಾಸನೆಯಾಗಿರಲಿಲ್ಲ, ಹೊಗೆಯ ಉರಿಯಷ್ಟೇ. ಆ ಉರಿಯೂ ಅವರಿಗೆ ಆಸೆ ಹುಟ್ಟಿಸಿತ್ತು.

ಆಮೇಲೆ ಅವರು ಎಲ್ಲವನ್ನೂ ಹೇಳಿದರು. ನೂರಾರು ಪೀಪಾಯಿಗಳನ್ನು ಮೂಸಿ ನೋಡಿ, ಯಾವುದು ಪಕ್ವವಾಯಿತು, ಯಾವುದು ಇನ್ನೂ ಮಲಗಬೇಕು, ಯಾವುದರ ಜೊತೆ ಯಾವುದು ಕೂಡಬೇಕು ಎಂದು ಹೇಳುವುದೇ ಅವರ ಕೆಲಸ. ಅವರ ಮೂಗು ಹೋಗಿದೆ ಎಂಬುದು ಹೆಂಡತಿಯೊಬ್ಬರಿಗೇ ಗೊತ್ತು. ದಿನಾ ಬೆಳಿಗ್ಗೆ ಕೈಕೆಳಗಿನವರು ಗ್ಲಾಸುಗಳನ್ನು ತಂದಿಡುತ್ತಾರೆ. ಇವರು ಹಿಂದಿನಂತೆಯೇ ಮೂಗಿಗೆ ಹಿಡಿಯುತ್ತಾರೆ, ಹಿಂದಿನಷ್ಟೇ ಹೊತ್ತು ಕಣ್ಣು ಮುಚ್ಚುತ್ತಾರೆ. ಬಣ್ಣ ನೋಡಿ, ಪೀಪಾಯಿಯ ವಯಸ್ಸು ಕೇಳಿ ಏನೋ ಒಂದು ಹೇಳುತ್ತಾರೆ. ಎಲ್ಲರೂ ತಲೆದೂಗುತ್ತಾರೆ.

"ನಾನು ಈಗ ಆರಿಸಿಟ್ಟ ಪೀಪಾಯಿಗಳು ಇನ್ನೂ ಬಹಳ ವರ್ಷ ಕತ್ತಲೆಯಲ್ಲಿ ಮಲಗಿರುತ್ತವೆ. ತಪ್ಪಾಗಿದ್ದರೆ ಅದು ಗೊತ್ತಾಗುವ ಹೊತ್ತಿಗೆ ನಾನು ಇರುವುದಿಲ್ಲ. ಆಗ ನನ್ನ ಕೈಕೆಳಗೆ ಕಲಿತ, ಮಕ್ಕಳಂಥವರು ಅದನ್ನು ತೆರೆದು ನೋಡುತ್ತಾರೆ," ಎಂದರು.

ವಾಸನೆ ಮರಳಲು ಹಳೆಯ, ಗುರುತಿನ ವಾಸನೆಗಳನ್ನು ದಿನಾ ಮೂಸುತ್ತಿರಿ ಎಂದು ಅಲ್ಲಿನ ವೈದ್ಯರು ಹೇಳಿದ್ದಾರಂತೆ. ಮೊಟ್ಟಮೊದಲು ಕಲಿತದ್ದು ಒಣದ್ರಾಕ್ಷಿ. ಅದು ಬೆಳೆಯುವ ನೆಲಕ್ಕೇ ಹೋದರೆ, ರಾಶಿ ರಾಶಿ ನಡುವೆ ನಿಂತರೆ ಒಂದು ವೇಳೆ ಬರಬಹುದೇನೋ ಎಂದು ಬಂದಿದ್ದರು. ಬರಲಿಲ್ಲ.

ನಾನು ಇದನ್ನೆಲ್ಲ ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ನೆಲದ ಮೇಲೆ ಬೆರಳಾಡಿಸುತ್ತ ಕೇಳಿದಳು.

"ಅವರಿಗೆ ಒಂದೂ ವಾಸನಿ ಬರವಲ್ದು," ಎಂದಳು ಕೊನೆಗೆ. "ನನಗ ಒಂದ ವಾಸನಿ ಹೋಗವಲ್ದು. ಹೇಳ ಅವರಿಗೆ."

ನಾನು ಮಾಧುರಿಯ ಕಡೆ ನೋಡಿದೆ.

"ಹೇಳಂದ್ರ ಹೇಳು."

ಹೇಳಿದೆ. ಯಾವ ವಾಸನೆ ಎಂದು ಅವರು ಕೇಳಿದರು. ಅವ್ವ ಹೇಳತೊಡಗಿದಳು. ನನಗೂ ಎಂದೂ ಹೇಳದಿದ್ದುದನ್ನು ಅಂದು ಎರಡು ಭಾಷೆ ದಾಟಿ ಒಬ್ಬ ಅಪರಿಚಿತನಿಗೆ ಹೇಳಿದಳು. ಅಪ್ಪ ಸತ್ತ ಮೇಲೂ ತಲೆದಿಂಬಿನಲ್ಲಿ ಆ ವಾಸನೆ ಉಳಿದದ್ದು, ದಿಂಬು ಸುಟ್ಟರೂ ಹೋಗದ್ದು. ಅವರಿದ್ದಾಗ ಬೀಗರು ಬಿಜ್ಜರು ಕೇಳಿದರೆ, "ಮನಿಯವರಿಗೆ ಹೊಟ್ಟಿ ನೋವು, ಮಲಗ್ಯಾರ," ಎಂದು ಸುಳ್ಳು ಹೇಳುತ್ತ ಬಂದದ್ದು. ಅಣ್ಣತಮ್ಮಂದಿರಿಗೂ ಹೇಳದೆ ಹಲ್ಲು ಕಚ್ಚಿಕೊಂಡು ಇದ್ದದ್ದು.

ಮಾಧುರಿ ಹೇಳಿ ಮುಗಿಸುತ್ತಿದ್ದಂತೆ ಹಿರಾತಾ ಅವರು ಬಟ್ಟಲನ್ನು ಪಕ್ಕಕ್ಕಿಟ್ಟು ಹೊರಸಿನಿಂದ ಇಳಿದರು. ಮೊಳಕಾಲೂರಿ, ಎರಡೂ ಅಂಗೈಗಳನ್ನು ನೆಲಕ್ಕೆ ಹಚ್ಚಿ, ಬ್ಯಾಂಡೇಜು ಕಟ್ಟಿದ ಹಣೆಯನ್ನು ನೆಲದವರೆಗೂ ಬಾಗಿಸಿದರು.

ಅವ್ವ ಗಾಬರಿಯಾಗಿ ಹಿಂದೆ ಸರಿದಳು. "ಏ ಬ್ಯಾಡ್ರಿ ಯಪ್ಪಾ, ಏಳ್ರಿ! ನೀವೇನ ಕುಡಿಸೀರೇನ ಅವರಿಗೆ? ಏಳ್ರಿ."

ಅವರು ಏಳಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತರು. ತಮ್ಮ ದೇಶದಲ್ಲೂ ಇಂಥ ಮನೆಗಳಿವೆ, ಅದನ್ನು ಯೋಚಿಸಲು ತಾವು ಎಂದೂ ಮನಸ್ಸಿಗೆ ಎಡೆಗೊಟ್ಟಿರಲಿಲ್ಲ ಎಂದರು. ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಹೆಬ್ಬೆರಳಷ್ಟು ಗಾತ್ರದ ಒಂದು ಸೀಸೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಒಳಗೆ ಜೇನಿನ ಬಣ್ಣದ ದ್ರವವಿತ್ತು.

ಅದು ಅವರು ಕೊನೆಯದಾಗಿ ತಮ್ಮ ಮೂಗನ್ನು ನಂಬಿ ಬೆರೆಸಿದ ವಿಸ್ಕಿ. ಅದಾದ ಸ್ವಲ್ಪ ದಿನಕ್ಕೇ ಜ್ವರ ಬಂದಿತ್ತು. ಅದರಲ್ಲಿ ಎರಡು ಬಗೆಯ ಪೀಪಾಯಿಗಳದ್ದು ಸೇರಿದೆ ಎಂದರು. ಒಂದು ಸ್ಪೇನಿನ ಪೀಪಾಯಿ. ಇನ್ನೊಂದು ಜಪಾನಿನದೇ ಒಂದು ಓಕ್ ಮರದ್ದು, ಅದಕ್ಕೆ ಮಿಝುನಾರಾ ಎನ್ನುತ್ತಾರೆ. ಆ ಮರ ಬಹಳ ನಿಧಾನ ಬೆಳೆಯುತ್ತದೆ, ಗಂಟುಗಂಟಾಗಿರುತ್ತದೆ, ಪೀಪಾಯಿ ಮಾಡಿದರೆ ಸೋರುತ್ತದೆ. ಅದರಲ್ಲಿ ಇಟ್ಟದ್ದು ಮೊದಲ ವರ್ಷಗಳಲ್ಲಿ ಬರೀ ಕಟ್ಟಿಗೆಯಂತೆ ಒರಟಾಗಿರುತ್ತದೆ. ಬೇಸರ ಪಟ್ಟುಕೊಳ್ಳದೆ ಹದಿನೈದು ಇಪ್ಪತ್ತು ವರ್ಷ ಕಾದರೆ ಮಾತ್ರ ಗುಡಿಯೊಳಗಿನ ಧೂಪದಂಥ ಘಮ ಕೊಡುತ್ತದೆ. ಅಷ್ಟು ಕಾಯುವಾಗ ವರ್ಷ ವರ್ಷವೂ ಒಂದಿಷ್ಟು ಮರದ ಮೂಲಕ ಗಾಳಿಗೆ ಹೋಗಿಬಿಡುತ್ತದೆ. ದಿನಾ ಬೆಳಿಗ್ಗೆ ಅವರು ಈ ಸೀಸೆಯ ಮುಚ್ಚಳ ತೆಗೆದು ಮೂಸುತ್ತಾರೆ. ಏನೂ ಇರುವುದಿಲ್ಲ. ಮುಚ್ಚಿಡುತ್ತಾರೆ.

ಅವ್ವ ಸೀಸೆಯನ್ನೇ ನೋಡುತ್ತಿದ್ದಳು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು.

"ಇಲ್ಲಿ ಕೊಡ್ರಿ."

"ಅವ್ವಾ, ಬ್ಯಾಡ," ಎಂದೆ.

"ಸುಮ್ಕ ಕುಂದ್ರು."

ಅವಳು ಸೀಸೆಯ ಮುಚ್ಚಳ ತೆರೆದಳು. ಮೊದಲ ಸಲ ಮೂಗಿನ ಹತ್ತಿರ ತಂದು ತಟ್ಟನೆ ಮುಖ ತಿರುಗಿಸಿದಳು. ಕಣ್ಣಲ್ಲಿ ನೀರು ಬಂತು. ಅಲ್ಲಿಗೆ ನಿಲ್ಲಿಸುತ್ತಾಳೆ ಅಂದುಕೊಂಡೆ. ಇಲ್ಲ, ಉಸಿರು ಎಳೆದುಕೊಂಡು ಮತ್ತೆ ತಂದಳು. ಈ ಸಲ ಹಿಡಿದುಕೊಂಡೇ ಕುಳಿತಳು.

"ಕಟ್ಟಿಗಿ," ಎಂದಳು. "ಹಸಿದಲ್ಲ. ನಮ್ಮ ಹಿರ್ಯಾರ ಜೋಳದ ಕಣಜ ಇತ್ತಲಾ, ಅದ ಬರಿದಾದಾಗ ಒಳಗ ತಲಿ ಹಾಕಿದಂಗ."

ನಾನು ಹೇಳಿದೆ. ಮಾಧುರಿ ಹೇಳಿದಳು. ಹಿರಾತಾ ಅವರು ಕಣ್ಣು ಮುಚ್ಚಿಕೊಂಡರು.

"ಮಣೂಕ ಐತಿ. ನಮ್ಮ ಹಸರ ಮಣೂಕಲ್ಲ, ಕರೀದು. ಬೆಲ್ಲದಾಗ ಹಾಕಿಟ್ಟಂಗ." ಸ್ವಲ್ಪ ತಡೆದಳು. "ಆಮ್ಯಾಲ ಗಂಧ. ತೇಯ್ದಾಗಿಂದಲ್ಲ, ಹಣಿಮ್ಯಾಲ ಹಚ್ಚಿ ಒಣಗಿದ ಮ್ಯಾಲ ಬರ್ತೈತಲಾ, ಅದು. ಸಣ್ಣಾಗಿ ಬರ್ತೈತಿ, ಹೋಗ್ತೈತಿ."

ಪ್ರತಿ ಮಾತಿಗೂ ಅವರು ತಲೆಯಾಡಿಸುತ್ತಿದ್ದರು. ಮುಚ್ಚಿದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಆಮೇಲೆ?" ಎಂದು ಕೇಳಿದರು. "ಆಮೇಲೆ ಏನಿದೆ?"

ಅವ್ವ ಇನ್ನೊಮ್ಮೆ ದೀರ್ಘವಾಗಿ ಮೂಸಿದಳು.

"ತಳದಾಗ ಅದ ಐತ್ರಿ ಯಪ್ಪಾ," ಎಂದಳು. "ಎಷ್ಟ ವರ್ಷ ಮಲಗಿಸಿದ್ರೂ, ಎಂಥಾ ಕಟ್ಟಿಗ್ಯಾಗ ಇಟ್ರೂ, ಕಡೀಕ ಅದ ಐತಿ."

ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಆದರೆ ಅಂದು ಅವ್ವ ಅರ್ಧ ಮಾತಿಗೆ ನಿಲ್ಲಿಸುವವಳಾಗಿರಲಿಲ್ಲ. ಹೇಳಿದೆ. ಹಿರಾತಾ ಅವರು ಕಣ್ಣು ತೆರೆದು ಅವಳನ್ನು ನೋಡಿದರು.

"ಅವರು ಹೇಳುವುದು ನಿಜ. ಅದು ಹೋಗುವುದಿಲ್ಲ. ಹೋಗದಿರಲಿ ಎಂದೇ ನಾವು ಮಾಡುತ್ತೇವೆ," ಎಂದರು.

ಅವ್ವ ಮುಚ್ಚಳ ಬಿಗಿದು ಸೀಸೆಯನ್ನು ಅವರ ಅಂಗೈಯಲ್ಲಿಟ್ಟಳು. ಬೇರೆ ದಿನವಾಗಿದ್ದರೆ ಎದ್ದು ಕೈ ತೊಳೆದು, ತಲೆಗೆ ನೀರು ಹಾಕಿಕೊಂಡು ಬರುತ್ತಿದ್ದಳು. ಅಂದು ಎದ್ದೇಳಲಿಲ್ಲ. ಹೊರಗೆ ಹೆಣ್ಣುಮಕ್ಕಳು ಮಣೂಕ ಕೇರುವ ಸದ್ದು ಕೇಳುತ್ತಿತ್ತು.

ಹೊತ್ತು ಇಳಿದ ಮೇಲೆ ಅವರು ಹೊರಟರು. ಅವ್ವ ಒಂದು ಚೀಲ ಮಣೂಕ ಕಟ್ಟಿ ಕಾರಿನಲ್ಲಿಟ್ಟಳು. ಕಿಟಕಿಯ ಹತ್ತಿರ ಬಾಗಿ ಹೇಳಿದಳು.

"ಮೂಗ ಹೋಗೇತಿ ಅಂತ ನಿಮ್ಮ ಮಂದಿಗೆ ಹೇಳಿಬಿಡ್ರಿ. ಬಾಯಿ ಮುಚಗೊಂಡ ಇರಬ್ಯಾಡ್ರಿ. ನಾ ಇದ್ದೆ ಹಂಗ. ಏನ ಉಳೀತು? ನಮ್ಮನಿಯವರೂ ಉಳೀಲಿಲ್ಲ, ಮಾನನೂ ಉಳೀಲಿಲ್ಲ. ಮದ್ಲ ಯಾರಿಗ್ಯರ ಹೇಳಿದ್ರ ಏನರ ದಾರಿ ಆಗ್ತಿತ್ತೇನೊ."

ಮಾಧುರಿ ಹೇಳಿದ್ದನ್ನು ಕೇಳಿ ಅವರು ಕಾರಿನಿಂದ ಇಳಿಯಲು ಹೋದರು. ಮತ್ತೆ ನೆಲಕ್ಕೆ ಬಾಗುತ್ತಾರೆಂದು ಅವ್ವ ಬಾಗಿಲನ್ನು ಒತ್ತಿ ಹಿಡಿದಳು. "ಸಾಕ್ರಿ. ಹೋಗಿ ಬರ್ರಿ," ಎಂದಳು.

ಮಳೆಗಾಲದಲ್ಲಿ ಮಾಧುರಿಯ ಫೋನ್ ಬಂತು. ಹಿರಾತಾ ಅವರು ಊರಿಗೆ ಹೋದ ವಾರದಲ್ಲೇ ಕಾರ್ಖಾನೆಯವರನ್ನೆಲ್ಲ ಕೂಡಿಸಿ ತಮ್ಮ ಮೂಗಿನ ವಿಷಯ ಹೇಳಿದರಂತೆ. ಕೆಲವರು ಸಿಟ್ಟಾದರು, ಒಬ್ಬರು ಅವರ ಜೊತೆ ಇಂದಿಗೂ ಮಾತಾಡುವುದಿಲ್ಲ. ಅವರು ಆ ಕಾಲದಲ್ಲಿ ಆರಿಸಿಟ್ಟಿದ್ದ ಪೀಪಾಯಿಗಳನ್ನೆಲ್ಲ ಮತ್ತೆ ಪರೀಕ್ಷೆ ಮಾಡಿದರು. ಬೆರೆಸುವ ಕೆಲಸವನ್ನು ಈಗ ಅವರ ಕೈಕೆಳಗಿದ್ದ ಒಬ್ಬ ಹೆಣ್ಣುಮಗಳು ಮಾಡುತ್ತಾಳೆ. ಇವರಿಗೆ ದಾಸ್ತಾನಿನ ಮನೆ ನೋಡಿಕೊಳ್ಳಲು ಕೊಟ್ಟಿದ್ದಾರೆ. ಸಣ್ಣ ಸುತ್ತಿಗೆಯಿಂದ ಪೀಪಾಯಿ ತಟ್ಟಿ, ಸಪ್ಪಳ ಕೇಳಿ, ಯಾವುವು ಸೋರುತ್ತಿವೆ ಎಂದು ಕಂಡುಹಿಡಿಯುತ್ತಾರೆ. ವಾಸನೆ ಪೂರ್ತಿ ಬಂದಿಲ್ಲ. ಯಾವಾಗಲೋ ಒಮ್ಮೆ ಕಿತ್ತಳೆಯ ಸಿಪ್ಪೆಯದು ಒಂದು ಗಳಿಗೆ ಬಂದು ಹೋಯಿತಂತೆ.

ಅವ್ವನಿಗೆ ಹೇಳಿದೆ. "ಹೇಳಿದ್ರಲಾ, ಛಲೋ ಆತು," ಎಂದಷ್ಟೇ ಅಂದಳು.

ಆಮೇಲೆ ದ್ರಾಕ್ಷಿಯ ಚಾಟ್ನಿ ಬಂತು, ಬಳ್ಳಿಗಳನ್ನು ಕತ್ತರಿಸುವ ಕಾಲ. ರಜೆಯ ದಿನ ತೋಟಕ್ಕೆ ಹೋಗಿದ್ದೆ. ಅವ್ವ ಸಾಲಿನ ನಡುವೆ ಕೂತು ಕತ್ತರಿಸಿ ಬಿದ್ದ ಕಡ್ಡಿಗಳನ್ನು ಆರಿಸುತ್ತಿದ್ದಳು. ಒಂದು ಎಳೆಯ ಕಡ್ಡಿಯನ್ನು ಮುರಿದಳು, ರಸ ಒಸರಿತು. ಮೂಗಿಗೆ ಹಿಡಿದಳು, ಹಿಡಿದುಕೊಂಡೇ ಇದ್ದಳು. ಆಮೇಲೆ ನನ್ನ ಕಡೆ ಚಾಚಿದಳು.

"ಲಗ್ನಾದ ಹೊಸದಾಗ ನಿಮ್ಮಪ್ಪ ಸಾಂಗ್ಲಿ ಕಡೆ ದುಡದು ಬರ್ತಿದ್ರು. ಎಷ್ಟ ತೊಳಕೊಂಡ್ರೂ ಅವರ ಕೈ ಹಿಂಗ ನಾರ್ತಿತ್ತು. ಉಣಸುವಾಗ ಬರ್ತಿತ್ತು ನನಗ." ಅವಳ ಮುಖದಲ್ಲಿ ನಾನು ಎಂದೂ ಕಂಡಿರದ ಒಂದು ನಾಚಿಕೆ ಇತ್ತು. "ಇಷ್ಟ ದಿನ ಮರತ ಹೋಗಿತ್ತು ನೋಡ. ಆ ಕುಡಿತದ ವಾಸನಿ ಹಿಂದ ಇದ ಮುಚ್ಚಿಹೋಗಿತ್ತು."

ನಾನು ಕಡ್ಡಿಯನ್ನು ಮೂಗಿಗೆ ಹಿಡಿದೆ. ಹಸಿ, ಒಗರು, ಮಳೆ ಬಿದ್ದ ಎಲೆಯಂಥ ವಾಸನೆ. ಆ ಅಪ್ಪನನ್ನು ನಾನು ನೋಡಿರಲಿಲ್ಲ. ದುಡಿದು ಬಂದು, ಕೈ ತೊಳೆದು, ಹೊಸ ಹೆಂಡತಿಯ ಎದುರು ಊಟಕ್ಕೆ ಕೂರುವ ಹುಡುಗನನ್ನು ಯಾರೂ ನನಗೆ ತೋರಿಸಿರಲಿಲ್ಲ. ಅಪ್ಪ ಸತ್ತ ದಿನ ನಾನು ಅತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಮನೆಯ ಭಾರ ಇಳಿದಂತಾಗಿತ್ತು. ಅಂದು ಬಳ್ಳಿಯ ಸಾಲಿನಲ್ಲಿ ಅವ್ವನ ಪಕ್ಕ ಕುಳಿತು ಅವರಿಗಾಗಿ ಮೊದಲ ಸಲ ಅತ್ತೆ. ಅವ್ವ ತಡೆಯಲಿಲ್ಲ.